ಇಲ್ಲಿ ಒಳ್ಳೇ ಊಟ ಎಲ್ಲಿ ಸಿಗುತ್ತೆ ಸ್ವಾಮಿ?

ಮೊದಲು ಒಂದು ತಪ್ಪೊಪ್ಪಿಗೆ.

ತಿಂಗಳ ಹಿಂದಿನ ಮಾತು. ಮಧ್ಯಾಹ್ನ ಎರಡು ಗಂಟೆ. ನಮ್ಮ ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ಭದ್ರಾವತಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಹಿರೇಕೆರೂರು ಕಡೆಯ ಗಂಡ-ಹೆಂಡತಿ, ಕಂಕುಳಲ್ಲೊಂದು ಕೂಸು, ಕೈಲಿ ಆಸ್ಪತ್ರೆಯ ಚೀಟಿ, ಖಾಲಿ ಟಿಫಿನ್ ಕ್ಯಾರಿಯರ್. ಅವರ ಕಡೆಯವರು ಯಾರೋ ಇಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾರೆ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಆ ಮನುಷ್ಯ ನನ್ನ ಹತ್ತಿರ ಬಂದು, "ಇಲ್ಲೆ ಚಲೋ ಊಟ ಎಲ್ಲಿ ಸಿಗತೈತ್ರಿ?" ಅಂದ.

ಬಸ್ಸು ಹಾರ್ನ್ ಹೊಡೀತಿತ್ತು. ನಾನು ಕೈ ಎತ್ತಿ ರಸ್ತೆಯ ಆಚೆ ಕಾಣುವ ದೊಡ್ಡ ಬೋರ್ಡನ್ನು ತೋರಿಸಿ ಬಸ್ ಹತ್ತಿಬಿಟ್ಟೆ. ಬಸ್ಸು ಸೇತುವೆ ದಾಟಿದ ಮೇಲೆ ಮನಸ್ಸಿಗೆ ಚುಚ್ಚಿತು. ಮೂವತ್ತು ವರ್ಷದಿಂದ ಈ ಊರಲ್ಲಿ ಇದ್ದೇನೆ. ಆ ಹೋಟೆಲಿನೊಳಕ್ಕೆ ಒಂದು ದಿನ ಕಾಲಿಟ್ಟಿಲ್ಲ. ಇಡುವುದೂ ಇಲ್ಲ, ಯಾಕೆಂದರೆ ಇಟ್ಟವರ ಕಥೆ ಕೇಳಿದ್ದೇನೆ. ನಾನು ದಿನಾ ಊಟ ಮಾಡುವ ಜಾಗ ಅಲ್ಲಿಂದ ಐದು ನಿಮಿಷದ ದಾರಿ. ಅದನ್ನು ಹೇಳಲು ಅರ್ಧ ನಿಮಿಷ ಸಾಕಿತ್ತು. ಹೇಳಲಿಲ್ಲ.

ಇದೇನು ದೊಡ್ಡ ಅಪರಾಧವೇ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡು ಸುಮ್ಮನಾದೆ. ಆದರೆ ಹದಿನೈದು ದಿನ ಕಳೆಯುವುದರೊಳಗೆ ಅದೇ ಪ್ರಶ್ನೆಯನ್ನು ಬೇರೆಯವರ ಊರಲ್ಲಿ ನಾನೇ ಕೇಳುವ ಹಾಗಾಯಿತು.

ಹುಬ್ಬಳ್ಳಿಯ ಮೊದಲ ರಾತ್ರಿ

ಗಾಂಧಿ ಬಜಾರಿನ ಬಟ್ಟೆ ವ್ಯಾಪಾರಿಯೊಬ್ಬರು ನನ್ನ ಹಳೇ ಸ್ನೇಹಿತರು. ವಯಸ್ಸು ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಮಗನಿಗೆ ಅಂಗಡಿ ಬಿಟ್ಟು ಬರಲಾಗುವುದಿಲ್ಲ ಅಂತ ಹುಬ್ಬಳ್ಳಿಗೆ ಖರೀದಿಗೆ ಹೊರಟರು. ಜೊತೆಗೆ ಒಬ್ಬರಿದ್ದರೆ ಒಳ್ಳೆಯದು ಅಂತ ನನ್ನನ್ನೂ ಎಳೆದುಕೊಂಡು ಹೋದರು. ಹೊನ್ನಾಳಿ, ಹರಿಹರ, ರಾಣೆಬೆನ್ನೂರು, ಹಾವೇರಿ ದಾಟಿ ಹುಬ್ಬಳ್ಳಿ ಸೇರುವ ಹೊತ್ತಿಗೆ ರಾತ್ರಿ ಒಂಬತ್ತು. ಅವರಿಗೆ ಎಂಟು ಗಂಟೆಗೆ ಊಟ ಆಗಬೇಕು. ಕೈ ಆಗಲೇ ನಡುಗುತ್ತಿತ್ತು.

ಗೊತ್ತಿಲ್ಲದ ಊರಲ್ಲಿ ಹಸಿದವನು ಏನು ಮಾಡುತ್ತಾನೆ? ಹೆಚ್ಚು ದೀಪ ಉರಿಯುವ ಕಡೆಗೆ ನಡೆಯುತ್ತಾನೆ. ನಾವೂ ನಡೆದೆವು. ಹೋಟೆಲಿನ ಹೆಸರು ಬೇಡ, ಅಂಥವು ಪ್ರತಿ ಊರಲ್ಲೂ ಇವೆ. ಗಾಜಿನ ಬಾಗಿಲು, ತಣ್ಣನೆ ಗಾಳಿ. ಮೆನು ಕಾರ್ಡು ಅಂದರೆ ನಮ್ಮ ಮನೆಯ ಪಂಚಾಂಗಕ್ಕಿಂತ ದಪ್ಪ. ಚೈನೀಸ್ ಇದೆ, ಪಂಜಾಬಿ ಇದೆ, ಪಿಜ್ಜಾ ಇದೆ, ಮೂಲೆಯಲ್ಲಿ 'ಸೌತ್ ಇಂಡಿಯನ್ ಮೀಲ್ಸ್' ಕೂಡ ಇದೆ. ಕೂತವರು ಮೂರೇ ಮಂದಿ. ಆಗಲೇ ಅನುಮಾನ ಬರಬೇಕಿತ್ತು. ಹಸಿವಿಗೆ ಅನುಮಾನ ಎಲ್ಲಿಂದ ಬರಬೇಕು?

ಬಂದ ಪಲ್ಯದ ಮೇಲೆ ಒಂದು ಬೆರಳು ಎಣ್ಣೆ. ಅನ್ನಕ್ಕೆ ಫ್ರಿಜ್ಜಿನ ವಾಸನೆ. ಬಿಲ್ಲು ಐನೂರು ದಾಟಿತ್ತು. ನನ್ನ ಸ್ನೇಹಿತರು ನಲವತ್ತು ವರ್ಷ ಗಲ್ಲಾಪೆಟ್ಟಿಗೆ ಮುಂದೆ ಕೂತವರು. ಊಟ ಬಿಟ್ಟರೂ ಬಿಲ್ ಓದುವುದು ಬಿಡುವುದಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರು. ಕೇಳದೆಯೇ ಸರ್ವಿಸ್ ಚಾರ್ಜ್ ಸೇರಿಸಿದ್ದಾರೆ. ಜಿಎಸ್‌ಟಿ ಹಾಕಿದ್ದಾರೆ, ಜಿಎಸ್‌ಟಿ ನಂಬರ್ ಮಾತ್ರ ಹಾಕಿಲ್ಲ. ಕೇಳಿದರೆ ಗಲ್ಲಾದ ಹುಡುಗ, "ಅದನ್ನ ಕಂಪ್ಯೂಟರ್ ಹಾಕ್ತದ್ರಿ ಸರ್" ಅಂದ. ಇವರು, "ಕಂಪ್ಯೂಟರಿಗೆ ಹೇಳಿಕೊಟ್ಟೋರು ಯಾರಪ್ಪಾ?" ಅಂದರು. ಆ ಹೊತ್ತಿನಲ್ಲಿ ಜಗಳಕ್ಕೆ ಶಕ್ತಿ ಇಲ್ಲ. ಕೊಟ್ಟು ಬಂದೆವು.

ರಾತ್ರಿಯೆಲ್ಲ ಅವರು ಲಾಡ್ಜಿನ ಬಚ್ಚಲಿಗೂ ಮಂಚಕ್ಕೂ ಓಡಾಡಿದರು. ಬೆಳಿಗ್ಗೆ ಡಾಕ್ಟರ ಹತ್ತಿರ ಹೋದೆವು. ಸಕ್ಕರೆ ಕಾಯಿಲೆಯವರಿಗೆ ಹೊಟ್ಟೆ ಕೆಟ್ಟರೆ ಆಟವಲ್ಲ, ತಡಮಾಡದೆ ಬಂದಿದ್ದು ಒಳ್ಳೆಯದಾಯಿತು ಅಂದರು ಡಾಕ್ಟರು. ಅರ್ಧ ದಿನದ ವ್ಯಾಪಾರ ಹೋಯಿತು. ಡಾಕ್ಟರ ಫೀಸು, ಔಷಧಿ ಸೇರಿದರೆ ಆ ಊಟ ಒಂದೂವರೆ ಸಾವಿರದ್ದಾಯಿತು. ಒಂದು ಕೆಟ್ಟ ಹೋಟೆಲು ಅಂದರೆ ಬರೀ ಬಾಯಿರುಚಿಯ ವಿಚಾರ ಅಂದುಕೊಂಡವರು ಈ ಲೆಕ್ಕ ನೋಡಬೇಕು.

ಹಮಾಲ ತೋರಿಸಿದ ದಾರಿ

ಹನ್ನೆರಡರ ಹೊತ್ತಿಗೆ ದುರ್ಗದಬೈಲಿನ ಹತ್ತಿರ ಜವಳಿ ಸಾಲಿಗೆ ಹೋದೆವು. ಸ್ನೇಹಿತರು ಅಂಗಡಿಯ ಕಟ್ಟೆಯ ಮೇಲೆ ಕೂತೇ ಬಟ್ಟೆ ನೋಡುತ್ತಿದ್ದರು. ಗಂಟು ಹೊರುತ್ತಿದ್ದ ಹಮಾಲನೊಬ್ಬ ಇವರ ಮುಖ ನೋಡಿ, "ಏನ್ರೀ ಸಾವ್ಕಾರ್ರ, ಆರಾಮ ಇಲ್ಲೇನು?" ಅಂದ. ವಿಷಯ ಹೇಳಿದೆವು. ಎಲ್ಲಿ ಉಂಡಿರಿ ಅಂತ ಕೇಳಿದ. ಹೇಳಿದೆವು. ಆತ ಹಣೆ ಬಡಕೊಂಡು, "ಅಲ್ಲಿಗ್ಯಾಕ ಹೋಗಿದ್ರಿ? ನಮ್ಮನ್ನ ಕೇಳಬೇಕಿಲ್ಲೇನ್ರಿ? ಬರ್ರಿ, ನಾವ್ ಉಣ್ಣೋದನ್ನ ತೋರಸ್ತೇನಿ" ಅಂದ.

ತಲೆಯ ಮೇಲಿನ ಸಿಂಬಿ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ. ಕೈ ತೋರಿಸಿ ಬಿಡಲಿಲ್ಲ, ಜೊತೆಯಲ್ಲೇ ಬಂದ. ಇದನ್ನು ಓದುಗರು ಗಮನಿಸಬೇಕು. ನಾನಂತೂ ಗಮನಿಸಿದೆ.

ಎರಡು ಓಣಿ ದಾಟಿದ ಮೇಲೆ ಒಂದು ಖಾನಾವಳಿ. ಬೋರ್ಡು ಇದೆ, ಬಣ್ಣ ಹೋಗಿದೆ. ಒಳಗೆ ಆರು ಬೆಂಚು, ಒಂದು ಫ್ಯಾನು, ಅದೂ ನಿಧಾನ. ಅಲಂಕಾರ ಏನೂ ಇಲ್ಲ, ಜಾಗ ಇಕ್ಕಟ್ಟು, ಸೆಖೆ. ಆದರೆ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ನಿಲ್ಲದೆ ಬರುತ್ತಿತ್ತು. ಕೂತವರೆಲ್ಲ ದಿನಾ ಬರುವವರು. ಅಂಗಡಿ ಗುಮಾಸ್ತರು, ಟೆಂಪೋ ಡ್ರೈವರುಗಳು, ಬ್ಯಾಂಕಿನವರಿಬ್ಬರು, ಹಮಾಲರು. ಯಾರೂ ಮೆನು ಕೇಳಲಿಲ್ಲ, ಯಾಕೆಂದರೆ ಮೆನು ಇಲ್ಲ. ಕೂತರೆ ತಟ್ಟೆ ಬರುತ್ತದೆ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಸವತೆಕಾಯಿ, ಗಟ್ಟಿ ಮೊಸರು. ಆಮೇಲೆ ಅನ್ನ, ಸಾರು.

ಬಡಿಸುವ ಅಮ್ಮ ನನ್ನ ತಟ್ಟೆಗೆ ರೊಟ್ಟಿ ಹಾಕಿದರು. ನನ್ನ ಸ್ನೇಹಿತರ ಮುಂದೆ ನಿಂತು ಒಂದು ಕ್ಷಣ ನೋಡಿದರು. ಹಮಾಲ ಏನೋ ಹೇಳಿದ. "ನಿಮಗ ಇವತ್ತ ರೊಟ್ಟಿ ಬ್ಯಾಡ್ರಿ ಅಣ್ಣಾರ" ಅಂದು ಒಳಗೆ ಹೋಗಿ, ಮೆತ್ತಗೆ ಬೆಂದ ಅನ್ನಕ್ಕೆ ಮಜ್ಜಿಗೆ ಹಾಕಿ, ಚಿಟಿಕೆ ಉಪ್ಪು ಜೀರಿಗೆ ಕಲಸಿ ತಂದು ಇಟ್ಟರು. ಅವರು ತಿಂದರು. ಎರಡು ಸಲ ಹಾಕಿಸಿಕೊಂಡು ತಿಂದರು. ಮುಖಕ್ಕೆ ಕಳೆ ಬಂತು. ದುಡ್ಡು ಕೊಡುವಾಗ ಆಯಮ್ಮ ನನ್ನಿಂದ ಪೂರಾ, ಅವರಿಂದ ಅರ್ಧ ತಗೊಂಡರು. "ಅವರು ಪೂರಾ ಎಲ್ಲಿ ಉಂಡಾರ್ರಿ?" ಅಂದರು.

ಒಳ್ಳೆಯ ಹೋಟೆಲು ಅಂದರೆ ಯಾವುದು ಅಂತ ನನ್ನನ್ನು ಕೇಳಿದರೆ ಇನ್ನು ಮೇಲೆ ಇದನ್ನೇ ಹೇಳುತ್ತೇನೆ. ಉಣ್ಣಲು ಬಂದವನ ಮುಖ ನೋಡಿ ಬಡಿಸುವವರು ಇದ್ದರೆ ಅದು ಒಳ್ಳೇ ಹೋಟೆಲು.

ಹೊರಡುವಾಗ ನಮ್ಮ ಸ್ನೇಹಿತರು ವ್ಯಾಪಾರದ ಬುದ್ಧಿಯಿಂದ, "ಅಲ್ಲಮ್ಮಾ, ದೊಡ್ಡ ಬೋರ್ಡ್ ಯಾಕೆ ಹಾಕಿಸಬಾರದು?" ಅಂದರು. ಆಯಮ್ಮ ನಕ್ಕು, "ಬೋರ್ಡ್ ನೋಡಿ ಬಂದವ್ರು ಒಮ್ಮೆ ಉಂಡು ಹೋಗ್ತಾರ. ಕೇಳಿ ಬಂದವ್ರು ನಾಳಿನೂ ಬರ್ತಾರ್ರಿ" ಅಂದರು. ಈ ಮಾತು ನಮ್ಮ ಅಂಗಡಿ ಮಾಲೀಕರಿಗೆ ಬೇರೆ ವಿವರಿಸಿ ಹೇಳಬೇಕಾಗಿಲ್ಲ.

ಕೇಳುವ ರೀತಿ ಬೇರೆ

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಪರಊರಿನಲ್ಲಿ ಒಳ್ಳೇ ಊಟ ಹುಡುಕುವುದು ಅದೃಷ್ಟದ ಮಾತಲ್ಲ. ಸರಿಯಾದವರನ್ನು ಸರಿಯಾದ ಪ್ರಶ್ನೆ ಕೇಳಬೇಕು, ಅಷ್ಟೇ.

"ಇಲ್ಲಿ ಒಳ್ಳೇ ಹೋಟೆಲ್ ಯಾವುದು?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಎದುರಿನವನು ನಿಮ್ಮ ಅಂಗಿ, ನಿಮ್ಮ ಬ್ಯಾಗು ನೋಡಿ, ತಾನು ಒಂದು ದಿನವೂ ಹೋಗದ ದುಬಾರಿ ಜಾಗ ತೋರಿಸುತ್ತಾನೆ. ನಾನು ಮಾಡಿದ್ದೂ ಅದನ್ನೇ. "ನೀವು ಮಧ್ಯಾಹ್ನ ಎಲ್ಲಿ ಊಟ ಮಾಡ್ತೀರಿ?" ಅಂತ ಕೇಳಿ. ಆಗ ಅವನು ತನ್ನ ಹೊಟ್ಟೆಯಿಂದ ಉತ್ತರ ಕೊಡಬೇಕಾಗುತ್ತದೆ.

ಯಾರನ್ನು ಕೇಳಬೇಕು? ಮನೆಯಿಂದ ಬುತ್ತಿ ತರುವವರನ್ನು ಕೇಳಿ ಲಾಭವಿಲ್ಲ. ದಿನಾ ಹೊರಗೆ ತಿನ್ನುವವರನ್ನು ಕೇಳಬೇಕು. ಮಾರುಕಟ್ಟೆಯ ಹಮಾಲರು, ಅಂಗಡಿ ಗುಮಾಸ್ತರು, ಔಷಧಿ ಅಂಗಡಿಯ ಹುಡುಗರು, ಪ್ರೆಸ್ಸಿನವರು. ಇವರಿಗೆ ಊಟಕ್ಕೆ ದುಡ್ಡೂ ಕಮ್ಮಿ, ಹೊತ್ತೂ ಕಮ್ಮಿ. ಕೆಟ್ಟದ್ದು ತಿಂದು ನಾಳೆ ಮಲಗಿದರೆ ಕೂಲಿ ಹೋಗುತ್ತದೆ. ಇವರಿಗಿಂತ ದೊಡ್ಡ ಪರೀಕ್ಷಕರು ಯಾವ ಇಲಾಖೆಯಲ್ಲಿದ್ದಾರೆ?

ಎರಡನೆಯದು, ಆ ಊರು ಏನು ತಿನ್ನುತ್ತದೋ ಅದನ್ನೇ ತಿನ್ನಿ, ಆ ಊರು ತಿನ್ನುವ ಹೊತ್ತಿಗೇ ತಿನ್ನಿ. ಹುಬ್ಬಳ್ಳಿಗೆ ಹೋಗಿ ನಮ್ಮ ಕಡೆಯ ಅನ್ನ-ತಿಳಿಸಾರು ಹುಡುಕಿದರೆ ತಪ್ಪು ಯಾರದ್ದು? ಅಲ್ಲಿ ಮಧ್ಯಾಹ್ನ ರೊಟ್ಟಿ ಊಟ. ಸಂಜೆ ದುರ್ಗದಬೈಲಿನಲ್ಲಿ ಗಿರ್ಮಿಟ್ ಮಿರ್ಚಿ. ಮಾಂಸ ತಿನ್ನುವವರು ಸಾವಜಿ ಖಾನಾವಳಿ ಕೇಳಬೇಕು, ಖಾರಕ್ಕೆ ತಯಾರಾಗಿ ಹೋಗಬೇಕು. ಇಪ್ಪತ್ತು ಕಿಲೋಮೀಟರ್ ಆಚೆ ಧಾರವಾಡಕ್ಕೆ ಚಿಗರಿ ಬಸ್ ಹಿಡಿದರೆ ಲೈನ್ ಬಜಾರಿನಲ್ಲಿ ಪೇಡೆ. ದಾವಣಗೆರೆಯಲ್ಲಿ ಬೆಣ್ಣೆದೋಸೆ, ಬೆಳಗಾವಿಯಲ್ಲಿ ಕುಂದಾ, ಮಂಗಳೂರಲ್ಲಿ ಗೋಳಿಬಜೆ. ಮುಂಬಯಿಗೆ ಹೋದ ನಮ್ಮವರು ಮಾಟುಂಗಾದಲ್ಲಿ ಇಳಿದರೆ ಉಡುಪಿ ಕಡೆಯವರು ದಶಕಗಳಿಂದ ನಡೆಸಿಕೊಂಡು ಬಂದ ಊಟದ ಮನೆಗಳಿವೆ. ಒಂದು ಊರು ದಿನಾ ಮಾಡುವ ಅಡುಗೆಯಲ್ಲಿ ಕೈ ಪಳಗಿರುತ್ತದೆ, ಸಾಮಾನು ಅಂದಂದೇ ಖರ್ಚಾಗುತ್ತದೆ. ನೂರು ಬಗೆ ಬರೆದಿಟ್ಟ ಹೋಟೆಲಿನಲ್ಲಿ ತೊಂಬತ್ತು ಬಗೆ ಫ್ರಿಜ್ಜಿನಲ್ಲಿ ಕಾಯುತ್ತಿರುತ್ತದೆ.

ಮೂರನೆಯದು ಅಡುಗೆಮನೆ. ಬೆಂಗಳೂರಿನ ಎಂ.ಟಿ.ಆರ್. ಕಥೆ ಹಳಬರಿಗೆ ಗೊತ್ತಿದೆ. 1924ರಲ್ಲಿ ಉಡುಪಿ ಕಡೆಯ ಮಯ್ಯ ಸಹೋದರರು ಶುರುಮಾಡಿದ್ದು. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪು ನೋಡಿ ಬಂದು, ಅಲ್ಲಿನ ಚೊಕ್ಕಟತನ ಇಲ್ಲೂ ಬರಬೇಕು ಅಂತ ಹಠ ಹಿಡಿದರು. ಲಾಲ್‌ಬಾಗ್ ರಸ್ತೆಯ ಆ ಹೋಟೆಲಿನಲ್ಲಿ ಗಿರಾಕಿಗಳು ಅಡುಗೆಮನೆ ಹಾದೇ ಊಟದ ಹಾಲಿಗೆ ಹೋಗುವ ಏರ್ಪಾಡು ಇತ್ತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲಿನ ದರ ಇಳಿಸಿದಾಗ, ಗುಣ ಇಳಿಸಲು ಒಪ್ಪದೆ ಹೋಟೆಲನ್ನೇ ಮುಚ್ಚಿದರು. ಮತ್ತೆ ತೆರೆದದ್ದು 1984ರಲ್ಲಿ. ಎಲ್ಲರೂ ಎಂ.ಟಿ.ಆರ್. ಆಗಬೇಕಿಲ್ಲ. ಆದರೆ "ಅಡುಗೆಮನೆ ಒಂಚೂರು ನೋಡಬಹುದಾ?" ಅಂದಾಗ ಮಾಲೀಕನ ಮುಖ ಹೇಗಾಗುತ್ತದೆ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕೈ ತೊಳೆಯುವ ಜಾಗದಲ್ಲಿ ಇನ್ನರ್ಧ.

ನಾಲ್ಕನೆಯದು ಕಾನೂನು. ಹೋಟೆಲು ಚಿಕ್ಕದಿರಲಿ, ದೊಡ್ಡದಿರಲಿ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನಂಬರ್ ಪಡೆದು ಎದುರಿಗೆ ಕಾಣುವಂತೆ ಹಾಕಬೇಕು. 2022ರ ಜನವರಿಯಿಂದ ಬಿಲ್ಲಿನ ಮೇಲೂ ಇರಬೇಕು. ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟು 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಜಿಎಸ್‌ಟಿಯಲ್ಲಿ ಕಾಂಪೋಸಿಷನ್ ಸ್ಕೀಮಿಗೆ ಸೇರಿದ ಹೋಟೆಲಿನವರು ಗಿರಾಕಿಯಿಂದ ತೆರಿಗೆ ಬೇರೆ ವಸೂಲು ಮಾಡುವಂತಿಲ್ಲ. ಬಿಲ್ಲಿನಲ್ಲಿ ತೆರಿಗೆ ಇದ್ದು ನಂಬರ್ ಇಲ್ಲದಿದ್ದರೆ ಕೇಳಲೇಬೇಕು. ಗ್ರಾಹಕ ಸಹಾಯವಾಣಿ 1915. ನಮ್ಮ ಸ್ನೇಹಿತರು ಈಗ ಆ ನಂಬರನ್ನು ಅಂಗಡಿಯ ಗೋಡೆಗೇ ಬರೆಸಿದ್ದಾರೆ.

ಇನ್ನು ಕಣ್ಣಿಗೆ ಕಾಣುವ ಗುರುತು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿಗೂ ಅದೇ ಆಜ್ಞೆ ಆಯಿತು. 2025ರ ಫೆಬ್ರವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಸುವುದಕ್ಕೂ ತಡೆ ಬಿತ್ತು. ಹೀಗಿದ್ದೂ ಗೋಬಿ ಕುಂಕುಮದ ಹಾಗೆ ಕೆಂಪಗಿದ್ದರೆ ಎದ್ದು ಬನ್ನಿ. ಬಣ್ಣ ಹಾಕುವವನು ಬಣ್ಣದ ಕೆಳಗೆ ಏನನ್ನೋ ಮುಚ್ಚುತ್ತಿರುತ್ತಾನೆ.

ಫೋನಿನ ನಕ್ಷತ್ರ

"ಇಷ್ಟೆಲ್ಲ ಯಾಕ್ರೀ? ಫೋನ್ ತೆಗೆದರೆ ಸಾಕು, ನಕ್ಷತ್ರ ತೋರಿಸುತ್ತೆ" ಅನ್ನುವವರಿದ್ದಾರೆ. ನಿಜ, ತೋರಿಸುತ್ತೆ. ನಾವು ಮೊದಲ ರಾತ್ರಿ ಉಂಡ ಜಾಗಕ್ಕೂ ನಾಲ್ಕು ಚಿಲ್ಲರೆ ನಕ್ಷತ್ರ ಇತ್ತು. ಮಾರನೇ ದಿನ ನೋಡಿದೆ. ಕೆಲವರು ದೀಪಾಲಂಕಾರಕ್ಕೆ ಕೊಟ್ಟಿದ್ದರು, ಕೆಲವರು ಹುಟ್ಟುಹಬ್ಬದ ಫೋಟೋ ಚೆನ್ನಾಗಿ ಬಂತು ಅಂತ ಕೊಟ್ಟಿದ್ದರು. ಖಾನಾವಳಿಯ ಹೆಸರು ಹುಡುಕಿದೆ, ಸಿಗಲೇ ಇಲ್ಲ. ಅಲ್ಲಿ ಉಣ್ಣುವ ಹಮಾಲರಿಗೆ ಕೈ ತೊಳೆದು ಮತ್ತೆ ಗಂಟು ಹೊರಬೇಕು. ನಕ್ಷತ್ರ ಒತ್ತುತ್ತಾ ಕೂರಲು ಹೊತ್ತೆಲ್ಲಿ?

ಹಾಗಂತ ಫೋನನ್ನು ಬೈದು ಮುಗಿಸುವುದೂ ಸರಿಯಲ್ಲ. ನನ್ನ ತಂಗಿಯ ಮಗಳು ಪರೀಕ್ಷೆ ಬರೆಯಲು ಮೊದಲ ಸಲ ಬೆಂಗಳೂರಿಗೆ ಒಬ್ಬಳೇ ಹೋದಳು. ಬೆಳಿಗ್ಗೆ ಐದಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿದವಳು ಮಧ್ಯಾಹ್ನದವರೆಗೆ ಒಂದು ಬಿಸ್ಕತ್ ಪ್ಯಾಕೆಟ್ಟಿನಲ್ಲಿ ಇದ್ದಳು. ಯಾಕಮ್ಮಾ ಯಾರನ್ನಾದರೂ ಕೇಳಬಾರದಿತ್ತಾ ಅಂದರೆ, "ಮಾವ, ಆ ಹೊತ್ತಿನಲ್ಲಿ ಯಾರನ್ನ ಕೇಳೋದು? ಕೇಳಿದ್ರೆ ಹಿಂದೇನೇ ಬಂದ್ರೆ?" ಅಂದಳು. ನನ್ನ ಬಾಯಿ ಕಟ್ಟಿತು. ಗಂಡಸು ಕೇಳುವಷ್ಟು ಸಲೀಸಾಗಿ ಹೆಣ್ಣುಮಗಳು ಪರಊರಲ್ಲಿ ಕೇಳಲಾರಳು. ಎರಡನೇ ಸಲ ಹೋದಾಗ ಅವಳು ಫೋನಿನಲ್ಲಿ ಮೊದಲೇ ನೋಡಿಕೊಂಡು, ಕುಟುಂಬದವರು ಬರುವ, ದಾರಿಯಲ್ಲಿ ಬೆಳಕಿರುವ ಜಾಗಕ್ಕೆ ಹೋದಳು. ಅಂಥವರಿಗೆ ಫೋನು ದೊಡ್ಡ ಆಸರೆ. ದಾರಿ ತೋರಿಸಲು ಫೋನು ಸಾಕು. ರುಚಿಗೆ ಮಾತ್ರ ಉಂಡವರನ್ನೇ ಕೇಳಬೇಕು. ಒಬ್ಬಳೇ ಇರುವ ಹೆಣ್ಣುಮಗಳು ಹೂ ಮಾರುವ ಹೆಂಗಸರನ್ನು, ಟಿಕೆಟ್ ಕೊಡುವ ಮಹಿಳಾ ಕಂಡಕ್ಟರನ್ನು ಕೇಳಲಿ. ಅವರು ಸರಿಯಾಗಿಯೇ ಹೇಳುತ್ತಾರೆ.

ಹತ್ತು ನಿಮಿಷ ಟೈಮ್ ಇದೆ!

ಬಸ್ ಪ್ರಯಾಣಿಕರಿಗೆ ಕೇಳುವ ಅವಕಾಶವೇ ಇಲ್ಲದ ಇನ್ನೊಂದು ಜಾಗ ಇದೆ. ಅದು ಹೆದ್ದಾರಿಯ ಪಕ್ಕ ಬಸ್ಸು ನಿಲ್ಲಿಸುವ ಹೋಟೆಲು. "ಹತ್ತು ನಿಮಿಷ ಟೈಮ್ ಇದೆ, ಊಟ ತಿಂಡಿ ಮಾಡೋರು ಮಾಡಿ" ಅಂತ ಕೂಗು ಬೀಳುತ್ತದೆ. ಸುತ್ತ ಎರಡು ಮೈಲಿ ಬೇರೆ ಅಂಗಡಿ ಇಲ್ಲ. ಡ್ರೈವರ್ ಕಂಡಕ್ಟರಿಗೆ ಒಳಗೆ ಬೇರೆ ಕೋಣೆ, ಬೇರೆ ಪಲ್ಯ, ದುಡ್ಡಿಲ್ಲ. ಪ್ರಯಾಣಿಕರಿಗೆ ತಣ್ಣಗಿನ ವಡೆ, ದುಪ್ಪಟ್ಟು ರೇಟು. ಎಲ್ಲ ಕಡೆಯೂ ಹೀಗೇ ಅಂತ ನಾನು ಹೇಳುವುದಿಲ್ಲ, ಒಳ್ಳೆಯವೂ ಇವೆ. ಆದರೆ ರಾತ್ರಿ ಬಸ್ಸಿನಲ್ಲಿ ಓಡಾಡುವ ನಿಮ್ಮಲ್ಲಿ ಎಷ್ಟು ಮಂದಿಗೆ ಈ ಅನುಭವ ಆಗಿಲ್ಲ, ಕೈ ಎತ್ತಿ ನೋಡೋಣ.

ಡ್ರೈವರನನ್ನು ಬೈದು ಫಲವಿಲ್ಲ. ಎಂಟು ಗಂಟೆ ಸ್ಟೀರಿಂಗ್ ಹಿಡಿದವನು ಬಿಸಿ ಊಟ ಉಣ್ಣಲೇಬೇಕು. ಕೇಳಬೇಕಾದದ್ದು ಬಸ್ಸು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡುವವರನ್ನು. ಬಸ್ಸಿನವರು ಉಣ್ಣುವ ಪಾತ್ರೆಯಿಂದಲೇ ಪ್ರಯಾಣಿಕರಿಗೂ ಬಡಿಸಬೇಕು ಅನ್ನುವ ಒಂದೇ ಷರತ್ತು ಹಾಕಲಿ. ಅರ್ಧ ರೋಗ ವಾಸಿಯಾಗುತ್ತದೆ.

ನಮ್ಮೂರಿನ ಕೆಲಸ

ಹುಬ್ಬಳ್ಳಿಯ ಮಾತು ಸಾಕು. ಈಗ ನಮ್ಮ ಮನೆಯ ಬಾಗಿಲಿಗೆ ಬರೋಣ.

ಶಿವಮೊಗ್ಗಕ್ಕೆ ಬರುವ ಹೊಸಬರು ಕಮ್ಮಿಯಿಲ್ಲ. ಜೋಗಕ್ಕೆ ಹೋಗುವವರು, ಸಕ್ರೆಬೈಲಿಗೆ ಆನೆ ನೋಡಲು ಬರುವವರು, ಕಾಲೇಜಿಗೆ ಮಕ್ಕಳನ್ನು ಸೇರಿಸಲು ಬರುವವರು. ಅಕ್ಕಪಕ್ಕದ ಜಿಲ್ಲೆಗಳಿಂದ ಆಸ್ಪತ್ರೆಗೆ ಬರುವವರಂತೂ ದಿನಾ ಬರುತ್ತಾರೆ. 2023ರಿಂದ ವಿಮಾನವೂ ಇಳಿಯುತ್ತಿದೆ. ವಿಮಾನದಲ್ಲಿ ಬಂದವನೂ, ಬಸ್ಸಿನಲ್ಲಿ ಬಂದವನೂ ಹೊತ್ತಾದಾಗ ಕೇಳುವುದು ಒಂದೇ ಪ್ರಶ್ನೆ.

ನಾವು ಏನು ಉತ್ತರ ಕೊಡುತ್ತಿದ್ದೇವೆ? ಮಲೆನಾಡಿನ ಬಾಗಿಲು ಅಂತ ಹೆಮ್ಮೆ ಪಡುತ್ತೇವೆ. ಆದರೆ ನಿಲ್ದಾಣದ ಸುತ್ತ ನೋಡಿದರೆ ಗೋಬಿ, ನೂಡಲ್ಸು, ಫ್ರೈಡ್ ರೈಸು. ನಮ್ಮ ಕಡುಬು ಎಲ್ಲಿ? ಅಕ್ಕಿರೊಟ್ಟಿ ಎಲ್ಲಿ? ಮಳೆಗಾಲದ ಕಳಲೆ ಪಲ್ಯ, ಪತ್ರೊಡೆ, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ ಹೊಸಬನ ಎಲೆಗೆ ಬೀಳುವುದು ಯಾವಾಗ? ಇವನ್ನು ಮಾಡುವ ಮನೆಯಂಥ ಸಣ್ಣ ಹೋಟೆಲುಗಳು ನಮ್ಮ ಓಣಿಗಳಲ್ಲಿ ಇನ್ನೂ ಇವೆ. ನಾವು ದಿನಾ ಹೋಗುತ್ತೇವೆ. ಹೊಸಬರಿಗೆ ಮಾತ್ರ ಹೇಳುವುದಿಲ್ಲ.

ನಾನು ಊಟ ಮಾಡುವ ಹೋಟೆಲಿನ ಮಾಲೀಕರು ಮೊನ್ನೆ ಹೇಳಿದರು: "ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ನನ್ನ ಕೈಲಾಗೋವರೆಗೆ ನಡೆಸ್ತೀನಿ. ಆನ್‌ಲೈನ್‌ನವರಿಗೆ ಕಮಿಷನ್ ಕೊಟ್ಟರೆ ನನಗೇನೂ ಉಳಿಯಲ್ಲ, ಕೊಡದಿದ್ದರೆ ಹೊಸ ಗಿರಾಕಿ ಬರಲ್ಲ." ಹಳೇ ಗಿರಾಕಿಗಳಿಗೆ ವಯಸ್ಸಾಗುತ್ತಿದೆ. ಒಬ್ಬೊಬ್ಬರಾಗಿ ಬರುವುದು ನಿಲ್ಲಿಸುತ್ತಿದ್ದಾರೆ. ದಾರಿ ತಪ್ಪಿ ಬರುವ ಇಬ್ಬರು ಹೊಸಬರು ಅವರಿಗೆ ಒಂದು ದಿನದ ಗ್ಯಾಸಿನ ಖರ್ಚು. ಬಸ್ ನಿಲ್ದಾಣದಲ್ಲಿ ನಾನು ಕೈ ತೋರಿಸಿದ್ದು ಆ ಇಬ್ಬರನ್ನು ಇವರಿಂದ ಕಿತ್ತು ಅಲ್ಲಿಗೆ ಕೊಟ್ಟ ಹಾಗಾಯಿತು. ಹೊಸಬನಿಗೂ ಕೇಡು, ನಮ್ಮವನಿಗೂ ಕೇಡು.

ಆದ್ದರಿಂದ ನನ್ನ ಸಲಹೆ ಮೂರು.

ಒಂದು, ನಮ್ಮ ಮಹಾನಗರ ಪಾಲಿಕೆಯೂ ವರ್ತಕರ ಸಂಘಟನೆಗಳೂ ಸೇರಿ ಬಸ್ ನಿಲ್ದಾಣದಲ್ಲಿ, ರೈಲು ನಿಲ್ದಾಣದಲ್ಲಿ ಒಂದು ಸಾದಾ ಫಲಕ ಹಾಕಲಿ. ಹತ್ತು ನಿಮಿಷದ ನಡಿಗೆಯೊಳಗೆ ಎಲ್ಲೆಲ್ಲಿ ಊಟ ತಿಂಡಿ ಸಿಗುತ್ತದೆ, ಎಷ್ಟು ಹೊತ್ತಿಗೆ, ಅಂದಾಜು ಎಷ್ಟು ದುಡ್ಡಿಗೆ ಅಂತ ಕನ್ನಡದಲ್ಲಿ ಬರೆದಿರಲಿ. ಜಾಹೀರಾತಿನ ದುಡ್ಡು ಮಾತ್ರ ಮುಟ್ಟಬಾರದು. ಮುಟ್ಟಿದ ದಿನ ಅದು ಮತ್ತೊಂದು ದೊಡ್ಡ ಬೋರ್ಡ್ ಆಗುತ್ತದೆ, ಅಷ್ಟೇ.

ಎರಡು, ಆಹಾರ ಸುರಕ್ಷತಾ ಅಧಿಕಾರಿಗಳು ಯಾವ ಹೋಟೆಲಿಗೆ ಎಂದು ಹೋಗಿದ್ದರು, ಏನು ಕಂಡರು ಅನ್ನುವುದನ್ನು ಅದೇ ಹೋಟೆಲಿನ ಬಾಗಿಲಲ್ಲಿ ಅಂಟಿಸಲಿ. ಚೊಕ್ಕಟವಾಗಿ ನಡೆಸುವ ಸಣ್ಣ ಹೋಟೆಲಿಗೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿಲ್ಲ. ಕೊಳಕಾಗಿ ನಡೆಸುವವನಿಗೆ ಅದಕ್ಕಿಂತ ದೊಡ್ಡ ದಂಡ ಇಲ್ಲ.

ಮೂರನೆಯದಕ್ಕೆ ಪಾಲಿಕೆ ಬೇಡ, ಇಲಾಖೆ ಬೇಡ, ನಯಾಪೈಸೆ ಖರ್ಚಿಲ್ಲ. ಅಂಗಡಿ ಮಾಲೀಕರೇ, ಆಟೋದ ಅಣ್ಣಂದಿರೇ, ಬಸ್ಸಿಗೆ ಕಾಯುವ ಮಹನೀಯರೇ, ಹೊಸಬರು ಕೇಳಿದಾಗ ನೀವು ಎಲ್ಲಿ ಉಣ್ಣುತ್ತೀರೋ ಅದನ್ನೇ ಹೇಳಿ. ಕಮಿಷನ್ ಕೊಡುವ ಹೋಟೆಲಿಗೆ ಗಿರಾಕಿ ಒಯ್ಯುವ ಆಟೋದವರು ಒಂದು ಯೋಚನೆ ಮಾಡಲಿ. ಇಪ್ಪತ್ತು ರೂಪಾಯಿ ಇವತ್ತು ಸಿಗುತ್ತದೆ, ಸರಿ. ಆದರೆ ಹೊಟ್ಟೆ ಕೆಡಿಸಿಕೊಂಡು ಹೋದವನು ಆ ಹೋಟೆಲಿನ ಹೆಸರು ಮರೆಯುತ್ತಾನೆ, ಊರಿನ ಹೆಸರು ಮರೆಯುವುದಿಲ್ಲ. "ಶಿವಮೊಗ್ಗದಾಗ ಉಂಡು ಬಿದ್ದಿದ್ವಿ" ಅಂತ ಹಿರೇಕೆರೂರಿನಲ್ಲಿ ಹೇಳಿಕೊಂಡು ತಿರುಗುತ್ತಾನೆ.

ಆ ಗಂಡ-ಹೆಂಡತಿ ಅವತ್ತು ಅಲ್ಲಿಗೆ ಹೋದರೋ ಇಲ್ಲವೋ, ಟಿಫಿನ್ ಕ್ಯಾರಿಯರಿಗೆ ಏನು ತುಂಬಿಸಿಕೊಂಡರೋ, ಅದನ್ನು ಆಸ್ಪತ್ರೆಯಲ್ಲಿ ಮಲಗಿದ್ದವರು ತಿಂದರೋ, ನನಗೆ ತಿಳಿಯುವ ಹಾಗಿಲ್ಲ. ಹುಬ್ಬಳ್ಳಿಯ ಆ ಹಮಾಲನಿಗೆ ಟೀಗೆ ಅಂತ ಐವತ್ತು ರೂಪಾಯಿ ಕೊಡಲು ಹೋದೆವು. ತಗೊಳ್ಳಲಿಲ್ಲ. "ನಮ್ಮೂರಿಗೆ ಬಂದೀರಿ, ಅದಕ್ಕ ರೊಕ್ಕ ತಗೋಬೇಕೇನ್ರಿ?" ಅಂದು ಗಂಟು ಹೊರಲು ಹೋದ.

ಮೊನ್ನೆ ಶನಿವಾರ ಮತ್ತೆ ನಿಲ್ದಾಣದಲ್ಲಿದ್ದೆ. ಕಾಲೇಜು ಹುಡುಗರಿಬ್ಬರು, ರಾಯಚೂರು ಕಡೆಯವರು, "ಸರ್, ಇಲ್ಲಿ ಊಟ ಎಲ್ಲಿ ಚಲೋ ಇರ್ತದ?" ಅಂದರು. ನನ್ನ ಬಸ್ಸು ಹೊರಡುತ್ತಿತ್ತು. ಹೋಗಲಿ ಅಂತ ಬಿಟ್ಟೆ. ಜೊತೆಯಲ್ಲಿ ಐದು ನಿಮಿಷ ನಡೆದು ಓಣಿಯ ಆ ಹೋಟೆಲಿಗೆ ಕರೆದುಕೊಂಡು ಹೋದೆ. ಮಾಲೀಕರು ಎರಡು ಎಲೆ ಹಾಕಿದರು. ಮುಂದಿನ ಬಸ್ಸು ಇಪ್ಪತ್ತು ನಿಮಿಷಕ್ಕೆ ಸಿಕ್ಕಿತು.

ಫಲಕದ ವಿಚಾರದಲ್ಲಿ ಸಂಬಂಧಪಟ್ಟವರು ಗಮನ ಹರಿಸುವರೇ? ಕಾದು ನೋಡೋಣ. ಅಲ್ಲಿಯವರೆಗೆ ಈ ಊರಿನ ಫಲಕ ನಾವೇ.